ಬಗೆಬಗೆಯ ವೈದ್ಯಕೀಯ ಮಾಹಿತಿಗೆ ಡೇಟಾಬೇಸ್ ಟೇಬಲ್ ಕಟ್ಟುವುದು ಹೇಗೆ? ಕೊಡಗಿನ ಸಣ್ಣ ಆಸ್ಪತ್ರೆಗಳಿಗಾಗಿ ಒಂದು ಮಾರ್ಗದರ್ಶಿ

ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪದಂಥ ಊರಿನ ಸಣ್ಣ ಆಸ್ಪತ್ರೆಗೆ ಒಂದು ದಿನದಲ್ಲಿ ಎಂತೆಂಥ ರೋಗಿಗಳು ಬರುತ್ತಾರೆ ನೋಡಿ. ಬಿ.ಪಿ., ಶುಗರ್ ತೋರಿಸಲು ಬಂದ ಹಿರಿಯರು, ತಾಯಿ ಕಾರ್ಡ್ ಹಿಡಿದ ಗರ್ಭಿಣಿ, ಕಾಫಿ ಗಿಡದ ಬುಡದಲ್ಲಿ ಹಾವು ಕಚ್ಚಿದ ಕಾರ್ಮಿಕ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣೆಗೆಂದು ಹಾಡಿಯಿಂದ (ಆದಿವಾಸಿಗಳ ಊರಿನಿಂದ) ಬಂದ ಮಕ್ಕಳು, ಮಳೆಗಾಲವಾದರೆ ಇಲಿ ಜ್ವರದ ಶಂಕೆಯವರು. ಒಬ್ಬರಿಂದ ಒಂದೇ ಸಂಖ್ಯೆ ಸಿಗುತ್ತದೆ, ಇನ್ನೊಬ್ಬರಿಂದ ಗಂಟೆಗೊಂದರಂತೆ ಹತ್ತಾರು ಫಲಿತಾಂಶ ಬರುತ್ತವೆ, ಮತ್ತೊಬ್ಬರದು ವೈದ್ಯರು ಕೈಯಲ್ಲಿ ಬರೆದ ಎರಡು ಸಾಲು. ಇಷ್ಟನ್ನೂ ಒಂದೇ ಡೇಟಾಬೇಸ್‌ನಲ್ಲಿ ಹಿಡಿದಿಡಬೇಕು. ನಾಳೆ ಹೊಸ ಪರೀಕ್ಷೆ ಬಂದರೂ ಕಟ್ಟಡ ಅಲುಗಬಾರದು.

ಸಾಮಾನ್ಯವಾಗಿ ಜನ ಹಿಡಿಯುವ ದಾರಿ ಎರಡು. ಒಂದು, ರೋಗಿಗೆ ಒಂದು ಸಾಲು, ಪರೀಕ್ಷೆಗೆ ಒಂದು ಕಾಲಂ ಎಂದು ಎಳೆದುಕೊಂಡು ಹೋಗುವುದು. ಕೆಲವೇ ತಿಂಗಳಲ್ಲಿ ಕಾಲಂಗಳು ನೂರು ದಾಟುತ್ತವೆ, ಬಹುಪಾಲು ಖಾಲಿ ಇರುತ್ತವೆ. ಅದೇ ರೋಗಿಗೆ ಎರಡನೆಯ ಬಾರಿ ಹಿಮೋಗ್ಲೋಬಿನ್ ನೋಡಿದಾಗ ‘ಹಿಮೋಗ್ಲೋಬಿನ್ 2’ ಎಂಬ ಕಾಲಂ ಹುಟ್ಟಿಕೊಳ್ಳುತ್ತದೆ. ಇನ್ನೊಂದು, ರೋಗಕ್ಕೊಂದು ಟೇಬಲ್ ಮಾಡುವುದು. ಆಗ ಸಕ್ಕರೆ ಕಾಯಿಲೆಯ ಗರ್ಭಿಣಿಯ ಶುಗರ್ ಎರಡು ಕಡೆ ಕೂರುತ್ತದೆ, ಎರಡೂ ಹೊಂದಾಣಿಕೆಯಾಗುವುದಿಲ್ಲ. ನಾನು ಹೇಳಲಿರುವುದು ಮೂರನೆಯ ದಾರಿ: ಎಲ್ಲ ರೋಗಿಗಳಿಗೂ ಸಮಾನವಾದುದನ್ನು ಕಾಲಂ ಮಾಡಿ, ರೋಗಿಯಿಂದ ರೋಗಿಗೆ ಬದಲಾಗುವುದನ್ನು ಸಾಲು ಮಾಡಿ, ಆ ಸಾಲುಗಳ ಮೇಲೆ ಬಿಗಿಯಾದ ಕಾವಲು ಇಡಿ. ಕಷ್ಟವಿರುವುದು ಈ ಕಾವಲಿನಲ್ಲೇ; ಹೆಚ್ಚಿನ ಕಡೆ ಕೆಲಸ ಕೆಡುವುದೂ ಅಲ್ಲಿಯೇ.

ಕಂಪ್ಯೂಟರ್ ತೆರೆಯುವ ಮೊದಲು ಕಾಗದ

ಆಸ್ಪತ್ರೆಯಲ್ಲಿ ಬಳಕೆಯಲ್ಲಿರುವ ಪ್ರತಿಯೊಂದು ಕಾಗದವನ್ನೂ ಕೂಡಿಸಿ: ಹೊರರೋಗಿ ರಿಜಿಸ್ಟರ್, ಕೇಸ್ ಶೀಟ್, ಲ್ಯಾಬ್ ಚೀಟಿ, ತಾಯಿ ಕಾರ್ಡ್, ಡಿಸ್ಚಾರ್ಜ್ ಸಾರಾಂಶ. ಖಾಲಿ ನಮೂನೆ ಸಾಲದು, ತುಂಬಿದವೇ ಬೇಕು (ಹೆಸರು, ವಿಳಾಸ ಮುಚ್ಚಿ ನಕಲು ಮಾಡಿಕೊಳ್ಳಿ). ಅಂಚಿನಲ್ಲಿ ನರ್ಸ್ ಬರೆದಿರುವ ಟಿಪ್ಪಣಿ, ಒಂದೇ ಚೌಕದಲ್ಲಿ ತುರುಕಿರುವ ಎರಡು ಬಿ.ಪಿ., ‘ಸ್ಯಾಂಪಲ್ ಹಾಳು’ ಎಂಬ ಷರಾ, ಇವೆಲ್ಲ ನಮೂನೆ ಹೇಳದ ಸತ್ಯ. ನಿಮ್ಮ ಟೇಬಲ್‌ಗಳು ಇವಕ್ಕೂ ಜಾಗ ಕೊಡಬೇಕು.

ರೋಗಿ ಟೇಬಲ್: ಹೆಸರು, ವಯಸ್ಸು, ಗುರುತು

ರೋಗಿಗೆ ನಿಮ್ಮದೇ ವ್ಯವಸ್ಥೆ ಕೊಡುವ, ಅರ್ಥವಿಲ್ಲದ ಒಂದು ಸಂಖ್ಯೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಆಗಿರಲಿ. ಆಧಾರ್, ಮೊಬೈಲ್, ಸರ್ಕಾರದ ಆರೋಗ್ಯ ಖಾತೆಯ ಆಭಾ ಸಂಖ್ಯೆ ಇವು ಯಾವುವೂ ಆ ಸ್ಥಾನಕ್ಕೆ ತಕ್ಕವಲ್ಲ. ಎಸ್ಟೇಟಿನ ಲೈನ್ ಮನೆಗಳಿಂದ ಬರುವ ಹಲವರು ಕೊಡುವ ಮೊಬೈಲ್ ಸಂಖ್ಯೆ ಎಸ್ಟೇಟಿನ ರೈಟರ್‌ದು. ಒಂದೇ ಸಂಖ್ಯೆ ಹಲವು ಕುಟುಂಬಗಳಿಗೆ. 14 ಅಂಕಿಯ ಆಭಾ ಸಂಖ್ಯೆ ಕೆಲವರಲ್ಲಿ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ಆದ್ದರಿಂದ ‘ಗುರುತು’ ಎಂಬ ಪ್ರತ್ಯೇಕ ಟೇಬಲ್ ಮಾಡಿ: ಯಾವ ರೋಗಿ, ಯಾವ ಬಗೆಯ ಗುರುತು, ಸಂಖ್ಯೆ ಏನು, ಯಾವಾಗ ದಾಖಲಾಯಿತು. ಸಂಖ್ಯೆಯನ್ನು ಪಠ್ಯವಾಗಿಯೇ ಇಡಿ. ಅದನ್ನು ಯಾರೂ ಕೂಡಿ ಕಳೆಯುವುದಿಲ್ಲ, ಆರಂಭದ ಸೊನ್ನೆ ಉದುರಿದರೆ ಮಾತ್ರ ಗುರುತೇ ತಪ್ಪುತ್ತದೆ.

ಹೆಸರಿನ ವಿಚಾರದಲ್ಲಿ ಕೊಡಗು ತಂತ್ರಾಂಶಗಾರರಿಗೆ ಒಳ್ಳೆಯ ಪಾಠ ಹೇಳುತ್ತದೆ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಾಲಂ ಇಟ್ಟುಕೊಂಡು ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರನ್ನು ನೋಂದಾಯಿಸಲು ಹೋಗಿ. ಮೊದಲು ಬಂದಿರುವ ಕೊಡಂದೇರ ಎಂಬುದು ಒಕ್ಕದ (ಕೊಡವರ ಮನೆತನದ) ಹೆಸರು, ನಡುವಿನದು ತಂದೆಯ ಹೆಸರು, ಅವರ ಸ್ವಂತ ಹೆಸರು ಕೊನೆಯಲ್ಲಿದೆ. ಜನರಲ್ ತಿಮ್ಮಯ್ಯನವರೂ ಅದೇ ಒಕ್ಕದವರು. ‘ಮೊದಲ ಹೆಸರು’ ಕಾಲಂನಲ್ಲಿ ಇಬ್ಬರೂ ಒಂದೇ ಆಗಿಬಿಡುತ್ತಾರೆ. ಇನ್ನು ಹಾಡಿಯ ಎಷ್ಟೋ ಮಂದಿಗೆ ಇರುವುದೇ ಒಂದು ಹೆಸರು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಹೆಸರು ಬರೆದವರ ಕಿವಿಗೆ ಬಿದ್ದಂತೆ ಇರುತ್ತದೆ. ಹಾಗಾಗಿ ಪೂರ್ಣ ಹೆಸರಿಗೆ, ರೋಗಿ ಹೇಳಿದ ಕ್ರಮದಲ್ಲೇ, ಒಂದು ಕಾಲಂ. ಕರೆಯುವ ಹೆಸರಿಗೆ ಒಂದು. ಒಕ್ಕ ಅಥವಾ ಮನೆತನದ ಹೆಸರಿಗೆ ಖಾಲಿ ಬಿಡಬಹುದಾದ ಒಂದು. ಕನ್ನಡ ಮತ್ತು ರೋಮನ್ ಲಿಪಿ ಎರಡರಲ್ಲೂ ಇಟ್ಟರೆ ಹುಡುಕುವುದು ಸುಲಭ.

ವಯಸ್ಸನ್ನು ಎಂದೂ ಸಂಗ್ರಹಿಸಬೇಡಿ, ಅದು ಮರುವರ್ಷ ಸುಳ್ಳಾಗುತ್ತದೆ. ಹುಟ್ಟಿದ ದಿನಾಂಕದ ಪಕ್ಕದಲ್ಲಿ ‘ನಿಖರತೆ’ ಎಂಬ ಕಾಲಂ ಇರಲಿ: ದಿನ ಗೊತ್ತು, ತಿಂಗಳು ಗೊತ್ತು, ವರ್ಷ ಮಾತ್ರ ಗೊತ್ತು, ಅಂದಾಜು. ಇದಿಲ್ಲದಿದ್ದರೆ ನೋಂದಣಿ ಮಾಡುವವರು ಜನವರಿ 1 ಎಂದೋ, ಶಾಲೆಯ ದಾಖಲೆಯ ರೂಢಿಯಂತೆ ಜೂನ್ 1 ಎಂದೋ ತುಂಬುತ್ತಾರೆ. ಯಾವುದು ನಿಜ, ಯಾವುದು ತುಂಬಿದ್ದು ಎಂದು ಬೇರ್ಪಡಿಸಲು ಆಮೇಲೆ ದಾರಿಯಿಲ್ಲ.

ವಿಳಾಸವೂ ಪ್ರತ್ಯೇಕ ಟೇಬಲ್, ಎಂದಿನಿಂದ ಎಂದಿನವರೆಗೆ ಎಂಬ ದಿನಾಂಕಗಳೊಂದಿಗೆ. ಕೊಯ್ಲಿನ ಕಾಲಕ್ಕೆ ಒಂದು ತೋಟ, ಮಳೆಗಾಲಕ್ಕೆ ಇನ್ನೊಂದು ಎಂದು ಕಾರ್ಮಿಕರು ಓಡಾಡುತ್ತಾರೆ. ಹಳೆಯ ವಿಳಾಸವನ್ನು ಅಳಿಸಿ ಹೊಸದು ಬರೆದರೆ ಡೆಂಗಿ ಎಲ್ಲಿ ಹತ್ತಿತು ಎಂಬುದನ್ನು ಹುಡುಕಲಾಗದು.

ಭೇಟಿ

ರೋಗಿ ಆಸ್ಪತ್ರೆಗೆ ಬಂದ ಪ್ರತಿ ಸಲಕ್ಕೂ ‘ಭೇಟಿ’ ಟೇಬಲ್‌ನಲ್ಲಿ ಒಂದು ಸಾಲು. ಯಾವ ರೋಗಿ, ಯಾವ ಕೇಂದ್ರ, ಹೊರರೋಗಿಯೋ ಒಳರೋಗಿಯೋ ಹಾಡಿಯ ಶಿಬಿರವೋ, ಆರಂಭ, ಮುಕ್ತಾಯ. ಮುಂದೆ ಬರುವ ಹೆಚ್ಚಿನ ಟೇಬಲ್‌ಗಳು ಇದಕ್ಕೆ ಫಾರಿನ್ ಕೀಯಿಂದ (ಇನ್ನೊಂದು ಟೇಬಲ್‌ನಲ್ಲಿರುವ ಸಾಲನ್ನಷ್ಟೇ ಸೂಚಿಸಬಲ್ಲ ಕಾಲಂನಿಂದ) ಕಟ್ಟಿಕೊಳ್ಳುತ್ತವೆ. ಅಲರ್ಜಿ ಮಾತ್ರ ಭೇಟಿಗಲ್ಲ, ನೇರ ರೋಗಿಗೇ ಸೇರಬೇಕು. ಪೆನ್ಸಿಲಿನ್ ಆಗದವರಿಗೆ ಯಾವ ಭೇಟಿಯಲ್ಲೂ ಆಗುವುದಿಲ್ಲ.

ಅಂಶಪಟ್ಟಿ ಮತ್ತು ಫಲಿತಾಂಶ

ಇಲ್ಲಿ ನಿಧಾನವಾಗಿ ಹೋಗೋಣ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟಾಗ ಹಾಕಿದ ಬುನಾದಿಯಲ್ಲಿ ಪ್ರತಿ ಕಾಲಂಗೂ ಒಂದು ನಿಶ್ಚಿತ ವ್ಯಾಪ್ತಿಯ ಮೌಲ್ಯಗಳಷ್ಟೇ ಸಲ್ಲುತ್ತವೆ. ವೈದ್ಯಕೀಯ ಫಲಿತಾಂಶಗಳನ್ನು ಸಾಲುಗಳಾಗಿ ಇಡುವಾಗ ಈ ಶಿಸ್ತು ಸಡಿಲವಾಗುವ ಅಪಾಯವಿದೆ. ರೋಗಿ, ಅಂಶದ ಹೆಸರು, ಮೌಲ್ಯ ಎಂಬ ಮೂರು ಕಾಲಂ ಮಾಡಿ, ಮೌಲ್ಯವನ್ನು ಪಠ್ಯವೆಂದು ಬಿಟ್ಟುಬಿಟ್ಟರೆ ಅದರೊಳಗೆ ‘12.4’, ‘12,4’, ‘12.4 ಗ್ರಾಂ’, ‘ಕಡಿಮೆ’, ‘ನಾಳೆ ಬರುತ್ತದೆ’ ಎಲ್ಲವೂ ಸೇರಿಕೊಳ್ಳುತ್ತವೆ. ಬದಲಾಗುವ ಮಾಹಿತಿಯನ್ನು ಸಾಲಾಗಿಸುವುದು ಸರಿಯಾದ ಹೆಜ್ಜೆ. ಬಗೆಯನ್ನು ಬಿಟ್ಟುಕೊಡುವುದು ತಪ್ಪು ಹೆಜ್ಜೆ.

ಆದ್ದರಿಂದ ಮೊದಲು ‘ಅಂಶಪಟ್ಟಿ’ ಟೇಬಲ್. ಆಸ್ಪತ್ರೆ ಅಳೆಯುವ, ಕೇಳುವ, ನೋಡುವ ಪ್ರತಿಯೊಂದಕ್ಕೂ ಇಲ್ಲಿ ಒಂದು ಸಾಲು: ಅಂಶದ ಸಂಖ್ಯೆ, ಹೆಸರು, ಮೌಲ್ಯದ ಬಗೆ (ಸಂಖ್ಯೆ, ಆಯ್ಕೆ, ಪಠ್ಯ, ದಿನಾಂಕ, ಗುಂಪು), ಮೂಲ ಏಕಮಾನ, ನಂಬಬಹುದಾದ ಕನಿಷ್ಠ ಮತ್ತು ಗರಿಷ್ಠ. ಆಯ್ಕೆಯ ಬಗೆಯ ಅಂಶಗಳಿಗೆ ‘ಆಯ್ಕೆಪಟ್ಟಿ’ ಎಂಬ ಜೊತೆ ಟೇಬಲ್. ಹೊಸ ಪರೀಕ್ಷೆ ಬಂದಾಗ ಟೇಬಲ್‌ನ ರಚನೆ ಬದಲಾಗದು, ಅಂಶಪಟ್ಟಿಗೆ ಒಂದು ಸಾಲು ಸೇರುತ್ತದೆ ಅಷ್ಟೇ.

ಎರಡನೆಯದು ‘ಫಲಿತಾಂಶ’ ಟೇಬಲ್. ಭೇಟಿ, ಅಂಶ, ಬಗೆ, ನಡೆದ ಸಮಯ, ದಾಖಲಿಸಿದ ಸಮಯ, ದಾಖಲಿಸಿದವರು, ತಾಯಿ ಸಾಲು (ಗುಂಪಾಗಿ ಬರುವ ಫಲಿತಾಂಶಗಳನ್ನು ಒಟ್ಟಿಗೆ ಕಟ್ಟುವ ಸಾಲು, ಮುಂದೆ ನೋಡೋಣ). ಮೌಲ್ಯಕ್ಕೆ ಒಂದಲ್ಲ, ನಾಲ್ಕು ಕಾಲಂ: ಸಂಖ್ಯಾ ಮೌಲ್ಯ, ಆಯ್ಕೆ ಮೌಲ್ಯ, ಪಠ್ಯ ಮೌಲ್ಯ, ದಿನಾಂಕ ಮೌಲ್ಯ. ಕೆನ್ಯಾದಲ್ಲಿ ಎಚ್‌ಐವಿ ಆರೈಕೆಗಾಗಿ ಮೊದಲಾಗಿ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಆಸ್ಪತ್ರೆ ದಾಖಲೆಗಳ ತಂತ್ರಾಂಶ ಓಪನ್‌ಎಂಆರ್‌ಎಸ್, ಅದರ ಮೇಲೆ ಭಾರತದಲ್ಲಿ ಕಟ್ಟಿದ ಬಾಹ್ಮ್ನಿ, ಎರಡೂ ಫಲಿತಾಂಶವನ್ನು ಹಿಡಿದಿಡುವುದು ಬಗೆಗೊಂದು ಕಾಲಂ ಇಡುವ ಈ ಕ್ರಮದಲ್ಲೇ.

ಈಗ ಕಾವಲು. ಅಂಶಪಟ್ಟಿಯಲ್ಲಿ ಅಂಶದ ಸಂಖ್ಯೆ ಮತ್ತು ಬಗೆ ಎರಡನ್ನೂ ಸೇರಿಸಿ ಒಂದು ಯೂನಿಕ್ ನಿಯಮ (ಅದೇ ಜೋಡಿ ಎರಡು ಸಲ ಬಾರದಂತೆ) ಹಾಕಿ. ಫಲಿತಾಂಶ ಟೇಬಲ್‌ನಿಂದ ಈ ಜೋಡಿಗೇ ಫಾರಿನ್ ಕೀ ಕಟ್ಟಿ. ಹಿಮೋಗ್ಲೋಬಿನ್ ‘ಸಂಖ್ಯೆ’ ಎಂದು ಪಟ್ಟಿಯಲ್ಲಿ ಇದ್ದರೆ, ಫಲಿತಾಂಶದ ಸಾಲಿನಲ್ಲಿ ಅದರ ಬಗೆಯನ್ನು ‘ಪಠ್ಯ’ ಎಂದು ಬರೆಯಲು ಡೇಟಾಬೇಸ್ ಒಪ್ಪುವುದೇ ಇಲ್ಲ. ಅದರ ಮೇಲೆ ಒಂದು ಚೆಕ್ ನಿಯಮ (ಷರತ್ತು ಮೀರಿದ ಸಾಲನ್ನು ತಿರಸ್ಕರಿಸುವುದು): ಬಗೆ ಸಂಖ್ಯೆಯಾದರೆ ಸಂಖ್ಯಾ ಮೌಲ್ಯ ಮಾತ್ರ ತುಂಬಿರಬೇಕು, ಉಳಿದ ಮೂರು ಖಾಲಿ ಇರಬೇಕು, ಇತರ ಬಗೆಗಳಿಗೂ ಹೀಗೆಯೇ. ಆಯ್ಕೆ ಮೌಲ್ಯಕ್ಕೆ ಅಂಶ ಮತ್ತು ಆಯ್ಕೆ ಎರಡೂ ಕೂಡಿದ ಫಾರಿನ್ ಕೀಯನ್ನು ಆಯ್ಕೆಪಟ್ಟಿಗೆ ಕಟ್ಟಿ. ಆಗ ರಕ್ತದ ಗುಂಪಿನ ಉತ್ತರ ಗರ್ಭ ಪರೀಕ್ಷೆಯ ಜಾಗಕ್ಕೆ ನುಸುಳದು. ಇದನ್ನು ತಂತ್ರಾಂಶದ ಪರದೆಗೆ ಬಿಡದೆ ಡೇಟಾಬೇಸ್‌ನಲ್ಲೇ ಹಾಕಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಪರದೆಗಳು ಬದಲಾಗುತ್ತವೆ, ಎಕ್ಸೆಲ್‌ನಿಂದ ನೇರ ತುಂಬುವವರು ಬರುತ್ತಾರೆ. ಟೇಬಲ್‌ನ ನಿಯಮ ಎಲ್ಲರಿಗೂ ಒಂದೇ.

ಖಾಲಿಗೂ ಅರ್ಥ ಕೊಡಬೇಕು. ಪರೀಕ್ಷೆ ಮಾಡಿಲ್ಲ, ಮಾದರಿ ಹಾಳಾಯಿತು, ರೋಗಿ ಒಪ್ಪಲಿಲ್ಲ ಎಂಬವು ಮೂರು ಬೇರೆ ಸಂಗತಿಗಳು. ‘ಇಲ್ಲದ ಕಾರಣ’ ಎಂಬ ಕಾಲಂ ಇಟ್ಟು, ಮೌಲ್ಯವಾದರೂ ಇರಬೇಕು ಕಾರಣವಾದರೂ ಇರಬೇಕು ಎಂದು ಚೆಕ್ ನಿಯಮವನ್ನು ವಿಸ್ತರಿಸಿ (‘ಗುಂಪು’ ಬಗೆಯ ಸಾಲಿಗೆ ಮಾತ್ರ ಎರಡೂ ಬೇಡ). ‘ಹೋಲಿಕೆ’ ಎಂಬ ಇನ್ನೊಂದು ಪುಟ್ಟ ಕಾಲಂ ಕೂಡ ಬೇಕು: ಸಮ, ಕಡಿಮೆ, ಹೆಚ್ಚು. ಹಲವು ಗ್ಲುಕೋಮೀಟರ್‌ಗಳು 600 ದಾಟಿದರೆ ಸಂಖ್ಯೆ ತೋರಿಸದೆ ‘ಹೈ’ ಎಂದಷ್ಟೇ ತೋರಿಸುತ್ತವೆ. ಅದನ್ನು 600 ಎಂದು ಬರೆದರೆ ತಪ್ಪು, ಬಿಟ್ಟರೆ ಇನ್ನೂ ತಪ್ಪು. ‘ಹೆಚ್ಚು, 600’ ಎಂದು ಎರಡು ಕಾಲಂನಲ್ಲಿ ಕೂರಿಸಿದರೆ ಲೆಕ್ಕಕ್ಕೂ ಸಿಗುತ್ತದೆ, ಸತ್ಯವೂ ಉಳಿಯುತ್ತದೆ.

ಹಾವು ಕಡಿತದ ಒಂದು ಪ್ರಕರಣ

ಈ ರಚನೆ ತಾಳುತ್ತದೆಯೇ ಎಂದು ನೋಡಲು ಹಾವು ಕಡಿತಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಇಲ್ಲ. 2024ರಿಂದ ಕರ್ನಾಟಕದಲ್ಲಿ ಇದು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೂ ಹೌದು. ವಿಷದಿಂದ ರಕ್ತ ಹೆಪ್ಪುಗಟ್ಟುವುದು ಕೆಟ್ಟಿದೆಯೇ ಎಂದು ತಿಳಿಯಲು ಮಾಡುವ ಪರೀಕ್ಷೆ ಬಹಳ ಸರಳ: ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ನಂತರ ಬಾಗಿಸಿ ನೋಡುವುದು. ಪ್ರತಿವಿಷ ಕೊಟ್ಟ ಆರು ಗಂಟೆಯ ಬಳಿಕ ಮತ್ತೆ ನೋಡಬೇಕು. ಫಲಿತಾಂಶ ಟೇಬಲ್‌ನಲ್ಲಿ ಇದು ಹೀಗೆ ಕೂರುತ್ತದೆ:

| ನಡೆದ ಸಮಯ | ಅಂಶ | ಬಗೆ | ಸಂಖ್ಯಾ ಮೌಲ್ಯ | ಆಯ್ಕೆ ಮೌಲ್ಯ |
|---|---|---|---|---|
| 09:15 | ಕಚ್ಚಿದ ಹಾವು | ಆಯ್ಕೆ | | ಗೊತ್ತಿಲ್ಲ |
| 10:40 | 20 ನಿಮಿಷದ ಹೆಪ್ಪು ಪರೀಕ್ಷೆ | ಆಯ್ಕೆ | | ಹೆಪ್ಪುಗಟ್ಟಿಲ್ಲ |
| 10:45 | ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) | ಸಂಖ್ಯೆ | 1.1 | |
| 17:20 | 20 ನಿಮಿಷದ ಹೆಪ್ಪು ಪರೀಕ್ಷೆ | ಆಯ್ಕೆ | | ಹೆಪ್ಪುಗಟ್ಟಿದೆ |

10:40 ಎಂದರೆ ರಕ್ತ ತೆಗೆದ ಹೊತ್ತೋ, ನಳಿಕೆ ನೋಡಿದ ಹೊತ್ತೋ? ‘ನಡೆದ ಸಮಯ’ ಎಂದರೆ ಮಾದರಿ ತೆಗೆದ ಸಮಯ ಎಂದು ನಿರ್ಧರಿಸಿ, ಕಾಲಂನ ವಿವರಣೆಯಲ್ಲೇ ಬರೆದಿಡಿ. ಹಾವಿನ ಜಾತಿಗೆ ಇನ್ನೂ ಒಂದು ಅಂಶ ಜೊತೆಯಾಗಬೇಕು: ಯಾರು ಗುರುತಿಸಿದ್ದು, ಫೋಟೊ ನೋಡಿಯೋ ಊಹೆಯೋ. ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಪಶ್ಚಿಮ ಘಟ್ಟದ ಇತರ ಮಂಡಲದ ಹಾವುಗಳಿಗೆ ಅಲ್ಲ. ಊಹೆಯ ಹೆಸರು ಖಚಿತ ಹೆಸರಿನಂತೆ ಕುಳಿತರೆ ಮುಂದಿನ ಲೆಕ್ಕವೆಲ್ಲ ಅಡಿಮೇಲು.

ಪ್ರತಿವಿಷ ಎಷ್ಟು ವಯಲ್ ಎಂಬುದು ಈ ಟೇಬಲ್‌ಗೆ ಬರಬಾರದು. ಔಷಧಿಗೆ ಪ್ರಮಾಣ, ಮಾರ್ಗ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ, ಬ್ಯಾಚ್ ಸಂಖ್ಯೆ ಎಂಬ ಸ್ಥಿರವಾದ ತನ್ನದೇ ಆಕಾರವಿದೆ. ಹೀಗೆ ಸ್ವಂತ ಆಕಾರವಿರುವ ಔಷಧಿ, ಲಸಿಕೆ, ಗರ್ಭಧಾರಣೆ, ರೋಗನಿರ್ಣಯಗಳಿಗೆ ತಮ್ಮ ತಮ್ಮ ಟೇಬಲ್ ಬೇಕು. ಎಲ್ಲವನ್ನೂ ಫಲಿತಾಂಶದೊಳಗೆ ತುರುಕುವುದು ನೂರು ಕಾಲಂನ ಟೇಬಲ್‌ನಷ್ಟೇ ಕೆಟ್ಟದ್ದು.

ಗುಂಪಾಗಿ ಬರುವ ಫಲಿತಾಂಶ

ಸಿಕಲ್ ಸೆಲ್ ತಪಾಸಣೆ ಎರಡು ಹಂತದ್ದು. ಮೊದಲ ಹಂತದ ಸಾಲ್ಯುಬಿಲಿಟಿ ಪರೀಕ್ಷೆಗೆ ಪಾಸಿಟಿವ್ ಅಥವಾ ನೆಗೆಟಿವ್ ಎಂಬ ಒಂದೇ ಉತ್ತರ. ಪಾಸಿಟಿವ್ ಬಂದವರಿಗೆ ಮಾಡುವ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ, ಎಸ್, ಎಫ್, ಎ2 ಶೇಕಡಾವಾರು ಬರುತ್ತವೆ, ಜೊತೆಗೆ ವಾಹಕರೋ ರೋಗಿಯೋ ಎಂಬ ತೀರ್ಮಾನ. ಇಲ್ಲಿ ‘ತಾಯಿ ಸಾಲು’ ಉಪಯೋಗಕ್ಕೆ ಬರುತ್ತದೆ. ಎಚ್‌ಪಿಎಲ್‌ಸಿ ಎಂಬ ‘ಗುಂಪು’ ಬಗೆಯ ಒಂದು ಸಾಲು, ಅದರಲ್ಲಿ ಮೌಲ್ಯವಿಲ್ಲ. ಅದರ ಕೆಳಗೆ ಐದು ಮಕ್ಕಳ ಸಾಲು. ಬಿ.ಪಿ.ಯನ್ನೂ ಹೀಗೆಯೇ ಇಡಿ. ಹತ್ತು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದರೆ ಮೊದಲ ಸಲದ ಮೇಲಿನ ಅಂಕಿ ಎರಡನೆಯ ಸಲದ ಕೆಳಗಿನ ಅಂಕಿಯೊಂದಿಗೆ ಜೋಡಿಯಾಗಬಾರದು. ‘120/80’ ಎಂದು ಪಠ್ಯವಾಗಿ ಇಡುವ ಆಸೆಗೆ ಬೀಳಬೇಡಿ.

ಏಕಮಾನ

ನೂರು ಮೂಟೆ ಕಾಫಿ ಎಂದರೆ ಚೆರಿಯೋ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಪಾರ್ಚ್‌ಮೆಂಟೋ (ತಿರುಳು ತೆಗೆದು ಒಣಗಿಸಿದ್ದು) ಎಂದು ಕೇಳದೆ ನಮ್ಮಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ರಕ್ತದ ಸಕ್ಕರೆ 7 ಎಂದರೂ ಹಾಗೆಯೇ ಕೇಳಬೇಕು. ಲೀಟರ್‌ಗೆ ಮಿಲಿಮೋಲ್ ಎಂದಾದರೆ ಅದನ್ನು 18ರಿಂದ ಗುಣಿಸಿದಾಗ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಆಗುತ್ತದೆ. ಕ್ರಿಯಾಟಿನಿನ್‌ಗೆ ಮಿಲಿಗ್ರಾಂನಿಂದ ಮೈಕ್ರೋಮೋಲ್‌ಗೆ ಹೋಗಲು 88.4ರಿಂದ ಗುಣಿಸಬೇಕು. ಚೀಟಿಯಲ್ಲಿ ಬಂದ ಸಂಖ್ಯೆ ಮತ್ತು ಅದರ ಏಕಮಾನವನ್ನು ಇದ್ದಂತೆಯೇ ಇಡಿ. ಮೂಲ ಏಕಮಾನಕ್ಕೆ ಪರಿವರ್ತಿಸಿದ ಸಂಖ್ಯೆಯನ್ನು ಪಕ್ಕದ ಕಾಲಂನಲ್ಲಿ ಇಡಿ. ಪರಿವರ್ತನೆಯಲ್ಲಿ ಎಡವಿದ್ದು ಗೊತ್ತಾದ ದಿನ ಮೂಲ ಸಂಖ್ಯೆಯೇ ನಿಮ್ಮನ್ನು ಕಾಯುತ್ತದೆ.

ನಂಬಬಹುದಾದ ಮಿತಿ ಮತ್ತು ಆರೋಗ್ಯದ ಮಿತಿ ಬೇರೆ ಬೇರೆ. ಹಿಮೋಗ್ಲೋಬಿನ್ 120 ಎಂದು ಬಿದ್ದರೆ ಅದು ಚುಕ್ಕೆ ಬಿಟ್ಟುಹೋದದ್ದು, ಪರದೆ ತಡೆದು ಕೇಳಬೇಕು. 10.5 ಎಂಬುದು ಸರಿಯಾದ ಸಂಖ್ಯೆಯೇ, ಆದರೆ ಗರ್ಭಿಣಿಯಲ್ಲಿ 11ಕ್ಕಿಂತ ಕಡಿಮೆಯಾದ್ದರಿಂದ ರಕ್ತಹೀನತೆ. ಆರೋಗ್ಯದ ಮಿತಿ ವಯಸ್ಸು, ಲಿಂಗ, ಗರ್ಭಾವಸ್ಥೆಗೆ ತಕ್ಕಂತೆ ಬದಲಾಗುವುದರಿಂದ ಅದಕ್ಕೆ ಪ್ರತ್ಯೇಕ ಟೇಬಲ್.

ಸಂಕೇತಗಳು

ಎಲ್ಲ ಆಸ್ಪತ್ರೆಗಳಿಗೂ ಒಂದೇ ಅರ್ಥ ಕೊಡುವ ಸಿದ್ಧ ಸಂಕೇತ ಪದ್ಧತಿಗಳಿವೆ: ಅಮೆರಿಕದ ಇಂಡಿಯಾನಾದ ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ ಆರಂಭಿಸಿದ ಲೋಯಿಂಕ್ ಲ್ಯಾಬ್ ಪರೀಕ್ಷೆಗಳಿಗೆ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ರೋಗಗಳಿಗೆ, ಸ್ನೋಮೆಡ್ ಸಿಟಿ ವೈದ್ಯಕೀಯ ಪದಗಳಿಗೆಲ್ಲ. ಭಾರತ 2014ರಿಂದ ಸ್ನೋಮೆಡ್‌ನ ಸದಸ್ಯ ದೇಶವಾದ್ದರಿಂದ ಇಲ್ಲಿ ಬಳಕೆಗೆ ಶುಲ್ಕವಿಲ್ಲ. ಈ ಸಂಕೇತಗಳನ್ನು ನಿಮ್ಮ ಅಂಶದ ಸಂಖ್ಯೆಯಾಗಿ ಬಳಸಬೇಡಿ. ‘ಅಂಶ, ಸಂಕೇತ ಪದ್ಧತಿ, ಸಂಕೇತ, ಆವೃತ್ತಿ’ ಎಂಬ ಹೊಂದಿಕೆ ಟೇಬಲ್‌ನಲ್ಲಿಡಿ. ರೋಗನಿರ್ಣಯದಲ್ಲಿ ವೈದ್ಯರು ಬರೆದ ಮಾತು ಒಂದು ಕಾಲಂ, ಸಂಕೇತ ಇನ್ನೊಂದು, ಶಂಕೆಯೋ ಖಚಿತವೋ ಎಂಬುದು ಮತ್ತೊಂದು. ಸೋಮವಾರದ ‘ಇಲಿ ಜ್ವರ ಶಂಕೆ’ ಗುರುವಾರ ಖಚಿತವಾದರೆ ಹೊಸ ಸಾಲು ಸೇರಿಸಿ. ಶಂಕೆಯ ಮೇಲೆಯೇ ಚಿಕಿತ್ಸೆ ಶುರುವಾಗಿತ್ತು ಎಂಬುದು ವೈದ್ಯರಿಗೆ ಮುಖ್ಯ ಸಂಗತಿ.

ಜೇಸನ್ (ಹಲವು ಮೌಲ್ಯಗಳನ್ನು ಒಂದೇ ಪಠ್ಯದಲ್ಲಿ ಕಟ್ಟಿಡುವ ರೂಪ) ಕಾಲಂ ಬಗ್ಗೆ ಕೇಳುವವರಿದ್ದಾರೆ. ಲ್ಯಾಬ್ ಯಂತ್ರ ಕಳಿಸಿದ ಮೂಲ ಸಂದೇಶವನ್ನು ಇದ್ದಂತೆ ಕಾಪಿಡಲು ಅದು ಯೋಗ್ಯ. ಎಣಿಸಬೇಕಾದ, ಎಚ್ಚರಿಕೆ ಕೊಡಬೇಕಾದ ಯಾವುದೂ ಅದರೊಳಗೆ ಮಾತ್ರ ಉಳಿಯಬಾರದು.

ತಿದ್ದುಪಡಿ, ಮಳೆ, ನೆಟ್‌ವರ್ಕ್

ಫಲಿತಾಂಶವನ್ನು ಅಳಿಸುವ ಅಧಿಕಾರ ಯಾರಿಗೂ ಬೇಡ. ತಪ್ಪಾದ ಸಾಲಿನ ಸ್ಥಿತಿಯನ್ನು ‘ರದ್ದು’ ಎಂದು ಮಾಡಿ, ಹೊಸ ಸಾಲು ಯಾವುದರ ಬದಲಿಗೆ ಬಂತು ಎಂದು ಸೂಚಿಸಿ. ನಡೆದ ಸಮಯ, ದಾಖಲಿಸಿದ ಸಮಯ ಎಂದು ಎರಡನ್ನು ಇಟ್ಟದ್ದಕ್ಕೂ ಇಲ್ಲಿ ಕಾರಣವಿದೆ. ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಕಾಗದದಲ್ಲಿ ಬರೆದದ್ದನ್ನು ಆಮೇಲೆ ತುಂಬುತ್ತಾರೆ. ಹಾಡಿಗೆ ಟ್ಯಾಬ್ ಹಿಡಿದು ಹೋದವರು ನೆಟ್‌ವರ್ಕ್ ಇಲ್ಲದೆ ನೋಂದಣಿ ಮಾಡುತ್ತಾರೆ. 1, 2, 3 ಎಂಬ ಏರುಸಂಖ್ಯೆ ಕೊಟ್ಟರೆ ಎರಡು ಟ್ಯಾಬ್‌ಗಳಲ್ಲಿ ಒಂದೇ ಸಂಖ್ಯೆ ಹುಟ್ಟುತ್ತದೆ. ಯುಯುಐಡಿ (ಎಲ್ಲಿ ಹುಟ್ಟಿಸಿದರೂ ಇನ್ನೊಂದರಂತೆ ಆಗದ ಉದ್ದನೆಯ ಸಂಖ್ಯೆ) ಬಳಸಿ; 2024ರಲ್ಲಿ ಮಾನಕವಾದ ಅದರ ಏಳನೆಯ ಆವೃತ್ತಿ ಕಾಲಕ್ರಮವನ್ನೂ ಉಳಿಸಿಕೊಳ್ಳುವುದರಿಂದ ಇಂಡೆಕ್ಸ್‌ಗೆ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಗೆ) ಹಿತ. ಒಬ್ಬರೇ ಎರಡು ಸಲ ನೋಂದಾಯಿತರಾದದ್ದು ತಿಳಿದರೆ ಸಾಲುಗಳನ್ನು ಬೆರೆಸಬೇಡಿ. ‘ಈ ರೋಗಿಯೇ ಆ ರೋಗಿ’ ಎಂಬ ಜೋಡಣೆಯನ್ನು ಬೇರೆ ಟೇಬಲ್‌ನಲ್ಲಿ ಬರೆಯಿರಿ. ಜೋಡಣೆ ತಪ್ಪಾದರೆ ಬಿಡಿಸಲು ಬರುತ್ತದೆ.

ಗೌಪ್ಯತೆ

ಕೊಡಗು ಚಿಕ್ಕದು. ಒಕ್ಕದ ಹೆಸರು ಹೇಳಿದರೆ ಮನೆ ಗೊತ್ತಾಗುತ್ತದೆ. ‘ಇಂಥ ಹಾಡಿಯ 14 ವರ್ಷದ ಹುಡುಗಿ, ಸಿಕಲ್ ಸೆಲ್’ ಎಂದರೆ ಹೆಸರೇ ಬೇಡ. ಆ ಹುಡುಗಿಯ ಮದುವೆಯ ಮಾತುಕತೆಯವರೆಗೂ ಆ ಸಾಲು ಹಿಂಬಾಲಿಸಬಹುದು. ಆದ್ದರಿಂದ ಹೆಸರು, ವಿಳಾಸ, ಗುರುತಿನ ಟೇಬಲ್‌ಗಳನ್ನು ಒಂದು ಸ್ಕೀಮಾದಲ್ಲಿ (ಡೇಟಾಬೇಸ್‌ನೊಳಗಿನ ವಿಭಾಗದಲ್ಲಿ), ಫಲಿತಾಂಶಗಳನ್ನು ಇನ್ನೊಂದರಲ್ಲಿ ಇಟ್ಟು, ಎರಡಕ್ಕೂ ಬೇರೆ ಬೇರೆ ಅನುಮತಿ ಕೊಡಿ. ವರದಿ ಮಾಡುವವರಿಗೆ ಹಾಡಿಯ ಬದಲು ತಾಲ್ಲೂಕು, ಹುಟ್ಟಿದ ದಿನದ ಬದಲು ವಯೋಗುಂಪು ತೋರಿಸುವ ವ್ಯೂ (ಮೂಲ ಟೇಬಲ್‌ನಿಂದ ಬೇಕಾದಷ್ಟನ್ನೇ ಕಾಣಿಸುವ ನೋಟ) ಸಾಕು. ತೀರಾ ಕಡಿಮೆ ಮಂದಿ ಇರುವ ಗುಂಪನ್ನು ಪಕ್ಕದ್ದರೊಂದಿಗೆ ಸೇರಿಸಿ. ಅಂಶಪಟ್ಟಿಯಲ್ಲಿ ‘ಸೂಕ್ಷ್ಮ’ ಎಂಬ ಗುರುತಿನ ಕಾಲಂ ಇಡಿ: ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಕಟ್ಟುವವರು ಓದಿಕೊಳ್ಳಬೇಕು.

ವೇಗ ಮತ್ತು ಕೊನೆಯ ತಪಾಸಣೆ

ಸಾಲುಗಳು ಬೆಳೆದಂತೆ ನಿಧಾನವಾಗುತ್ತದೆ ಎಂಬ ಭಯ ಬೇಡ. ಅಂಶ ಮತ್ತು ನಡೆದ ಸಮಯದ ಮೇಲೆ ಒಂದು ಇಂಡೆಕ್ಸ್, ಭೇಟಿಯ ಮೇಲೆ ಒಂದು, ಇಷ್ಟರಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಯ ಕೆಲಸ ನಡೆಯುತ್ತದೆ. ವೈದ್ಯರಿಗೆ ಬೇಕಾದ ಅಡ್ಡಸಾಲಿನ ನೋಟವನ್ನು, ಅಂದರೆ ಗರ್ಭಿಣಿಯ ತಿಂಗಳುವಾರು ತೂಕ, ಬಿ.ಪಿ., ಹಿಮೋಗ್ಲೋಬಿನ್ ಒಂದೇ ಕಡೆ ಕಾಣುವುದನ್ನು, ವ್ಯೂ ಮಾಡಿ ಕೊಡಿ.

ಆಮೇಲೆ ಆಸ್ಪತ್ರೆಯವರು ನಿಜವಾಗಿ ಕೇಳುವ ಪ್ರಶ್ನೆಗಳನ್ನು ತಂದು ಕ್ವೆರಿ ಬರೆಯಿರಿ. ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾವು ಕಚ್ಚಿ ಬಂದವರಲ್ಲಿ ಎಷ್ಟು ಮಂದಿಯ ಮೊದಲ ರಕ್ತ ಹೆಪ್ಪುಗಟ್ಟಿರಲಿಲ್ಲ, ಅವರು ಕಚ್ಚಿದ ಎಷ್ಟು ಹೊತ್ತಿಗೆ ತಲುಪಿದ್ದರು? ಸಾಲ್ಯುಬಿಲಿಟಿ ಪಾಸಿಟಿವ್ ಬಂದೂ ಎಚ್‌ಪಿಎಲ್‌ಸಿಗೆ ಹೋಗದ ಮಕ್ಕಳು ಎಷ್ಟು? ಎರಡು ತಿಂಗಳ ಅಂತರದಲ್ಲಿ ಹಿಮೋಗ್ಲೋಬಿನ್ ಏರದ ಗರ್ಭಿಣಿಯರು ಯಾರು? ಯಾವುದೇ ಉತ್ತರಕ್ಕಾಗಿ ಪಠ್ಯವನ್ನು ಒಡೆದು ನೋಡಬೇಕಾಗಿ ಬಂದರೆ ಆ ಅಂಶವನ್ನು ಅಂಶಪಟ್ಟಿಯಲ್ಲಿ ಸರಿಪಡಿಸಿ. ನಂತರ ಮೊದಲು ಕೂಡಿಸಿದ ಆ ತುಂಬಿದ ಕಾಗದಗಳನ್ನು ನರ್ಸ್ ಮತ್ತು ಲ್ಯಾಬ್ ಟೆಕ್ನಿಷಿಯನ್ ಜೊತೆ ಕುಳಿತು ಒಂದೊಂದಾಗಿ ಟೇಬಲ್‌ಗೆ ಇಳಿಸಿ. ಯಾವ ಟಿಪ್ಪಣಿಗೆ ಜಾಗ ಸಿಗಲಿಲ್ಲವೋ ಅದನ್ನು ಬದಿಗೆ ಬರೆದುಕೊಳ್ಳಿ. ತಂತ್ರಾಂಶ ಬರೆಯಲು ಕೂರುವ ಮೊದಲು ಆ ಪಟ್ಟಿ ಖಾಲಿಯಾಗಬೇಕು.